ಕನ್ನಡಿಯ ಮುಂದೆ ಮೂಕಜೀವಿಗಳು

ನಾಯಿಮರಿಯನ್ನು ಮೊದಲ ಸಲ ಬೀರುವಿನ ಕನ್ನಡಿಯ ಮುಂದೆ ಬಿಟ್ಟರೆ ಅದು ಬೊಗಳುತ್ತದೆ, ಬಾಲ ಅಲ್ಲಾಡಿಸುತ್ತದೆ, ಆಟಕ್ಕೆ ಕರೆಯುತ್ತದೆ. ಬೆಕ್ಕಿನ ಮರಿಯಾದರೆ ಮೈ ಉಬ್ಬಿಸಿ ಅಡ್ಡಡ್ಡ ಹೆಜ್ಜೆ ಹಾಕಿ, ಕೊನೆಗೆ ಕನ್ನಡಿಯ ಹಿಂದೆ ಯಾರಿದ್ದಾರೆಂದು ಹುಡುಕುತ್ತದೆ. ನಾಲ್ಕು ದಿನ ಕಳೆದರೆ ಎರಡೂ ಆ ಕಡೆ ತಿರುಗಿ ನೋಡುವುದಿಲ್ಲ. ಮನೆಮಂದಿ ನಗುತ್ತಾರೆ: ಪಾಪ, ತನ್ನನ್ನೇ ತಾನು ಗುರುತಿಸಲಾರದ ಪ್ರಾಣಿ! ಈ ನಗುವಿಗೆ ದೀರ್ಘ ಇತಿಹಾಸವಿದೆ. ಆ ಇತಿಹಾಸವನ್ನು ತಿರುವಿ ನೋಡಿದರೆ, ನಗುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಎದುರಾಗುತ್ತದೆ: ಕನ್ನಡಿಯನ್ನು ಮಾಡಿದವರು ಯಾರು, ಯಾರ ಕಣ್ಣಿನ ಅಳತೆಗೆ?

ಬಾವಿಯಲ್ಲಿ ಕಂಡ ತನ್ನ ಪ್ರತಿಬಿಂಬವನ್ನು ಬೇರೊಂದು ಸಿಂಹವೆಂದು ಬಗೆದು ಹಾರಿ ಸತ್ತ ಸಿಂಹದ ಕಥೆ ಪಂಚತಂತ್ರದ್ದು. 11ನೇ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದಕ್ಕೂ ಮುಂಚೆ, 8ನೇ ಶತಮಾನದಲ್ಲಿಯೇ, ಇಬ್ನುಲ್ ಮುಕಫ್ಫಾ ಅದನ್ನು ಪಹ್ಲವಿ ಭಾಷೆಯಿಂದ ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬಿಗೆ ಒಯ್ದಿದ್ದ. 13ನೇ ಶತಮಾನದ ಮೌಲಾನಾ ರೂಮಿ ತಮ್ಮ ‘ಮಸ್ನವಿ’ಯಲ್ಲಿ ಅದೇ ಸಿಂಹವನ್ನು ಬಾವಿಕಟ್ಟೆಗೆ ಕರೆತಂದರು. ಆದರೆ ಪಾಠವನ್ನು ಮನುಷ್ಯನ ಕಡೆಗೆ ತಿರುಗಿಸಿದರು. ಇತರರಲ್ಲಿ ನಾವು ಕಾಣುವ ಕೇಡು ಎಷ್ಟೋ ಸಲ ನಮ್ಮದೇ ಬಿಂಬ ಎಂಬುದು ಅವರ ತಾತ್ಪರ್ಯ. ಸಿಂಹದ ದಡ್ಡತನವನ್ನು ಕಂಡು ನಗಲು ಹೋದ ಓದುಗ ತನ್ನ ಮುಖವನ್ನೇ ನೋಡಿಕೊಳ್ಳಬೇಕಾಯಿತು.

ಕನ್ನಡಿಯೆಂದರೆ ಇಂದು ನಮಗೆ ಗಾಜು. ಗಾಜಿಗೆ ತೆಳುವಾಗಿ ಬೆಳ್ಳಿ ಲೇಪಿಸುವ ವಿಧಾನವನ್ನು ಜರ್ಮನಿಯ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ಅದಕ್ಕೆ ಮೊದಲು ಬಹುಕಾಲ ಲೋಹವನ್ನೇ ಉಜ್ಜಿ ಹೊಳಪೇರಿಸಿ ಮುಖ ನೋಡಿಕೊಳ್ಳುತ್ತಿದ್ದರು. ಸಿಕಂದರ್ ಬಾದಶಹ ಕಬ್ಬಿಣವನ್ನು ಉಜ್ಜಿಸಿ ಕನ್ನಡಿ ಮಾಡಿಸಿದನೆಂಬ ಕಥೆ ಫಾರಸಿ ಕಾವ್ಯಗಳಲ್ಲಿದೆ. ಅಮೀರ್ ಖುಸ್ರೋ 13ನೇ ಶತಮಾನದ ಕೊನೆಯಲ್ಲಿ ‘ಆಯಿನಾ-ಎ-ಸಿಕಂದರಿ’ ಎಂಬ ಕಾವ್ಯವನ್ನೇ ಬರೆದರು.

ಕಬ್ಬಿಣದ ಈ ಮಾತು ನಮ್ಮನ್ನು ಬಾಬಾಬುಡನ್ ಗಿರಿಶ್ರೇಣಿಗೆ ತರುತ್ತದೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದು ಕಬ್ಬಿಣದ ಅದಿರು ಬೆರೆತ ಕೆಂಪು ಮಣ್ಣಿನಿಂದ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದ. ಈಗ ಬೆಟ್ಟ ಹತ್ತಿ ಇಳಿಯುವುದು ಪ್ರವಾಸಿಗರ ವಾಹನಗಳು. ಇಂಥ ಮಲೆನಾಡಿನ ತಾಣಗಳಲ್ಲಿ ನಿಲ್ಲಿಸಿದ ಕಾರಿನ ಪಕ್ಕದ ಕನ್ನಡಿಯನ್ನು ಹಕ್ಕಿಯೊಂದು ಎಡೆಬಿಡದೆ ಕುಕ್ಕುವುದನ್ನೂ, ಕೋತಿಯೊಂದು ಅದರ ಹಿಂದೆ ಕೈಯಾಡಿಸುವುದನ್ನೂ ಓದುಗರು ಕಂಡಿರಬಹುದು. ಗೂಡು ಕಟ್ಟುವ ಕಾಲದಲ್ಲಿ ತನ್ನ ಎಲ್ಲೆಯೊಳಗೆ ಪ್ರತಿಸ್ಪರ್ಧಿ ನುಗ್ಗಿದನೆಂದು ಹಕ್ಕಿ ಕಾದಾಡುತ್ತದೆ. ಅದು ಬಾವಿಕಟ್ಟೆಯ ಸಿಂಹದ ತಪ್ಪೇ.

ಈ ತಪ್ಪನ್ನು ಕಥೆಯಿಂದ ಪರೀಕ್ಷೆಯ ಕಡೆಗೆ ತಂದವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗ. 1838ರಲ್ಲಿ ಲಂಡನ್ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ಕನ್ನಡಿಯ ಮುಂದೆ ಬೆರಗಾದುದನ್ನು ಅವನು ಗಮನಿಸಿದ. ಕಟ್ಟುನಿಟ್ಟಾದ ಪರೀಕ್ಷೆ ಬಂದದ್ದು 1970ರಲ್ಲಿ. ಅಮೆರಿಕದ ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳಿಗೆ 10 ದಿನ ಕನ್ನಡಿ ತೋರಿಸಿ, ಅನಂತರ ಅರಿವಳಿಕೆ ಕೊಟ್ಟು, ಹುಬ್ಬು ಮತ್ತು ಕಿವಿಗೆ ಕೆಂಪು ಬಣ್ಣ ಹಚ್ಚಿದರು. ಎಚ್ಚರವಾದ ಚಿಂಪಾಂಜಿಗಳು ಕನ್ನಡಿ ನೋಡಿ ತಮ್ಮದೇ ಮೈಮೇಲಿನ ಬಣ್ಣವನ್ನು ಮುಟ್ಟಿಕೊಂಡವು. ಕೋತಿಗಳು ಹಾಗೆ ಮಾಡಲಿಲ್ಲ. ಮನುಷ್ಯರ ಮಕ್ಕಳೂ ಸಾಮಾನ್ಯವಾಗಿ 18ರಿಂದ 24 ತಿಂಗಳಾಗುವವರೆಗೆ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ನಾಯಿ, ಬೆಕ್ಕುಗಳು ಗೆದ್ದ ದಾಖಲೆಯಿಲ್ಲ. ಅಲ್ಲಿಂದಾಚೆಗೆ ಪ್ರಾಣಿಲೋಕವನ್ನು ‘ತಾನು’ ಎಂಬ ಅರಿವುಳ್ಳವು, ಇಲ್ಲದವು ಎಂದು ಎರಡಾಗಿ ಸೀಳುವ ವಾಡಿಕೆ ಬಂತು.

ಈ ಗೆರೆ ಎಷ್ಟು ಗಟ್ಟಿ? ಆನೆಯ ಉದಾಹರಣೆ ನೋಡೋಣ. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಎರಡು ಏಷ್ಯಾ ಆನೆಗಳಿಗೆ ಕನ್ನಡಿ ತೋರಿಸಲಾಯಿತು. ಬಚ್ಚಿಟ್ಟ ತಿನಿಸನ್ನು ಕನ್ನಡಿ ನೋಡಿ ಹುಡುಕಿದ ಅವು ಮೈಮೇಲಿನ ಗುರುತನ್ನು ಮಾತ್ರ ಮುಟ್ಟಿಕೊಳ್ಳಲಿಲ್ಲ. ಆ ಮೃಗಾಲಯಕ್ಕೂ ನಮ್ಮ ಕಾಡಿಗೂ ಒಂದು ನಂಟಿದೆ. ಸುಮಾರು 8 ವರ್ಷದವಳಿದ್ದಾಗ ಕೊಡಗಿನ ಕಾಡಿನಲ್ಲಿ ಸೆರೆಸಿಕ್ಕಿ, ದಿಮ್ಮಿ ಎಳೆದು, 1961ರಲ್ಲಿ ಭಾರತದ ಮಕ್ಕಳ ಕಾಣಿಕೆಯಾಗಿ ಅಲ್ಲಿಗೆ ಹೋದ ಅಂಬಿಕಾ ಎಂಬ ಹೆಣ್ಣಾನೆ 2020ರಲ್ಲಿ ಅಲ್ಲೇ ಕೊನೆಯುಸಿರೆಳೆದಳು. 1989ರ ಪ್ರಯೋಗದ ಕನ್ನಡಿ ಆನೆಯ ಮೈಗಿಂತ ಬಹಳ ಚಿಕ್ಕದು, ಅದೂ ಕಂಬಿಗಳ ಆಚೆ ಇಟ್ಟದ್ದು. 2006ರಲ್ಲಿ ಜೋಶುವಾ ಪ್ಲಾಟ್ನಿಕ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ 8 ಅಡಿ ಎತ್ತರ, 8 ಅಡಿ ಅಗಲದ ಕನ್ನಡಿ ನಿಲ್ಲಿಸಿದಾಗ, ಮೂರು ಏಷ್ಯಾ ಆನೆಗಳ ಪೈಕಿ ಹ್ಯಾಪಿ ಎಂಬುದು ತನ್ನ ತಲೆಯ ಮೇಲಿನ ಬಿಳಿ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿತು. ಹದಿನೇಳು ವರ್ಷಗಳಲ್ಲಿ ಆನೆಯ ಕುಲ ಬದಲಾಗಿರಲಿಲ್ಲ. ಬದಲಾದದ್ದು ಕನ್ನಡಿಯ ಅಳತೆ.

ನಾಯಿಯ ವಿಷಯದಲ್ಲಿ ಅಳತೆಯಷ್ಟೇ ಅಲ್ಲ, ಇಂದ್ರಿಯವೇ ಬೇರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಓದಿದವರಿಗೆ ಅವರ ನಾಯಿ ಕಿವಿ ಗೊತ್ತು. ಮಲೆನಾಡಿನ ನಾಯಿಗೆ ಕಾಡು ಕಣ್ಣಿಗಿಂತ ಹೆಚ್ಚಾಗಿ ಮೂಗಿಗೆ ಒದಗುತ್ತದೆ. ವಾಸನೆಯೇ ಇಲ್ಲದ ಕನ್ನಡಿಯ ನಾಯಿ ಅದಕ್ಕೆ ಯಾರೂ ಅಲ್ಲ. ಅಮೆರಿಕದ ಮಾರ್ಕ್ ಬೆಕಾಫ್ ಮೂತ್ರ ಬಿದ್ದ ಹಿಮವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿಟ್ಟು ತಮ್ಮ ನಾಯಿಯನ್ನು ಪರೀಕ್ಷಿಸಿದರು. ಅದು ಇತರ ನಾಯಿಗಳ ಮೂತ್ರವನ್ನು ಮೂಸಿದಷ್ಟು ಹೊತ್ತು ತನ್ನದನ್ನು ಮೂಸಲಿಲ್ಲವೆಂದು 2001ರಲ್ಲಿ ಪ್ರಕಟಿಸಿದರು. 2017ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ನಾಯಿಗಳಿಗೆ ‘ವಾಸನೆಯ ಕನ್ನಡಿ’ ಹಿಡಿದರು. ಬೇರೆ ವಾಸನೆ ಬೆರೆಸಿದ ತಮ್ಮ ಮೂತ್ರವನ್ನು ಅವು ಬೆರಕೆಯಿಲ್ಲದ್ದಕ್ಕಿಂತ ಹೆಚ್ಚು ಹೊತ್ತು ಮೂಸಿದವು. ‘ಇದು ನನ್ನದೇ, ಆದರೆ ಏನೋ ಸೇರಿದೆ’ ಎಂದು ಅವು ತಿಳಿದವೇ, ಅಥವಾ ಹೊಸ ವಾಸನೆಯ ಕುತೂಹಲ ಅಷ್ಟೇ ಅದಾಗಿತ್ತೇ ಎಂಬ ಚರ್ಚೆ ಮುಗಿದಿಲ್ಲ. ಕನ್ನಡಿಯಲ್ಲಿ ಸೋತ ಬೆಕ್ಕುಗಳು ತಮ್ಮ ಹೆಸರನ್ನು ಇತರ ಪದಗಳಿಂದ ಬೇರ್ಪಡಿಸಿ ಕೇಳಿಸಿಕೊಳ್ಳುತ್ತವೆ ಎಂದು 2019ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದೇ ವರ್ಷ ಜಪಾನಿನಿಂದಲೇ ಇನ್ನೊಂದು ಸುದ್ದಿ ಬಂತು. ಬೇರೆ ಮೀನುಗಳ ಮೈಯ ಹುಳುಗಳನ್ನು ತಿಂದು ಬದುಕುವ ಪುಟ್ಟ ಮೀನೊಂದು ಕನ್ನಡಿಯಲ್ಲಿ ತನ್ನ ಗಂಟಲ ಮೇಲಿನ ಗುರುತನ್ನು ಕಂಡು ಮೈಯನ್ನು ಕಲ್ಲಿಗೆ ಉಜ್ಜಿಕೊಂಡಿತು. ಗ್ಯಾಲಪ್ ಇದನ್ನು ಒಪ್ಪಲಿಲ್ಲ. ಆದರೆ ನಾಯಿ ಸೋತು ಮೀನು ಗೆಲ್ಲುವ ಪರೀಕ್ಷೆಯನ್ನು ಬುದ್ಧಿಯ ಏಣಿಯೆಂದು ಕರೆಯುವುದು ಅಂದಿನಿಂದ ಸುಲಭವಾಗಿ ಉಳಿದಿಲ್ಲ.

ಇದು ಬರೀ ಪಂಡಿತರ ಜಗಳವಲ್ಲ. ಕನ್ನಡಿಯಲ್ಲಿ ಗೆದ್ದ ಹ್ಯಾಪಿಯನ್ನು ಮೃಗಾಲಯದಿಂದ ಬಿಡಿಸಬೇಕೆಂದು ವಕೀಲರು ಮೊಕದ್ದಮೆ ಹೂಡಿದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 5–2ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಗೆದ್ದ ಪ್ರಾಣಿಗೂ ಬಿಡುಗಡೆಯಿಲ್ಲವೆಂದ ಮೇಲೆ ಸೋತ ಪ್ರಾಣಿಗಳ ಗತಿಯೇನು?

ಇಂಥದೇ ಮೊಕದ್ದಮೆಯೊಂದು ನಮ್ಮ ಪರಂಪರೆಯಲ್ಲಿ ಸಾವಿರ ವರ್ಷಗಳ ಹಿಂದೆಯೇ ನಡೆದಿದೆ. 10ನೇ ಶತಮಾನದ ಬಸ್ರಾದ ‘ಇಖ್ವಾನುಸ್ಸಫಾ’ ಎಂಬ ಚಿಂತಕರ ಬಳಗದ ಪ್ರಬಂಧಗಳಲ್ಲಿ ಪ್ರಾಣಿಗಳೆಲ್ಲ ಸೇರಿ ಮನುಷ್ಯನ ಮೇಲೆ ಜಿನ್ನ್‌ಗಳ ದೊರೆಗೆ ದೂರು ಕೊಡುತ್ತವೆ. 1810ರಲ್ಲಿ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಮೌಲವಿ ಇಕ್ರಾಮ್ ಅಲಿ ಇದನ್ನು ಉರ್ದುವಿಗೆ ತಂದರು. ಮನುಷ್ಯರು ರೂಪ, ಬುದ್ಧಿ, ಕುಶಲತೆ ಎಂದು ಒಂದೊಂದೇ ಹಿರಿಮೆ ಹೇಳಿಕೊಳ್ಳುತ್ತಾರೆ. ಪ್ರಾಣಿಗಳು ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋಗುತ್ತವೆ. ಕೊನೆಗೆ ಮನುಷ್ಯನ ಪರವಾಗಿ ನಿಲ್ಲುವ ವಾದ, ಅವನಿಗೆ ಸತ್ತ ಮೇಲೆ ವಿಚಾರಣೆಯೂ ಪ್ರತಿಫಲವೂ ಇದೆ ಎಂಬುದು. ಅಂದರೆ ಅವನ ದೊಡ್ಡತನ ಅವನ ಹೊಣೆಗಾರಿಕೆಯಲ್ಲಿದೆ.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಸಿಗೆಯವರೆಗೂ ಸಲಿಗೆ. ನಾಯಿಗೆ ಹೊಸ್ತಿಲಿನಾಚೆ ಜಾಗ. ಆದರೂ ಬಾಯಾರಿದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ಬಾವಿಯ ನೀರು ಮೊಗೆದು ಕುಡಿಸಿದವನಿಗೆ ಕ್ಷಮೆ ದೊರೆತ ಹದೀಸನ್ನು ಮದರಸದ ಮಕ್ಕಳೂ ಬಲ್ಲರು. ಆ ನಾಯಿಗೆ ತನ್ನ ಬಿಂಬ ಗುರುತು ಸಿಗುತ್ತಿತ್ತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಕೇಳುವುದು ನೋವಿನ ಪ್ರಶ್ನೆಯನ್ನು. ನೋವಿಗೆ ಕನ್ನಡಿ ಬೇಕಿಲ್ಲ.

ಪ್ರಾಣಿಗಳ ಅರಿವನ್ನು ವಿಜ್ಞಾನಿಗಳು ಇನ್ನೂ ಪರೀಕ್ಷಿಸಲಿ. ಒಳ್ಳೆಯ ಪರೀಕ್ಷೆಗಳಿಂದ ನಮ್ಮ ತಿಳಿವು ಹೆಚ್ಚಿದೆ. ಆದರೆ ಬಾಗಿಲಲ್ಲಿ ಕಾದಿರುವ ನಾಯಿಗೆ ನೀರಿಡಲು, ತೋಟಕ್ಕೆ ಇಳಿದ ಆನೆಗೆ ಕಲ್ಲು, ಪಟಾಕಿ ಎಸೆಯದಿರಲು ಆ ಫಲಿತಾಂಶ ಬರುವವರೆಗೆ ನಾವು ಕಾಯಬೇಕಾಗಿಲ್ಲ.