ನೀರಿನ ಬ್ಯಾಕ್ಟೀರಿಯಾ: ಹೊಸ ಪ್ರಭೇದವನ್ನು ಗುರುತಿಸುವ ಕ್ರಮ ಬೆಳೆದ ಬಗೆ

ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೊಸ ಪ್ರಭೇದ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಳತೆಗೋಲು ನೂರೈವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾದಾಗಲೆಲ್ಲ ಒಂದೆಂದುಕೊಂಡದ್ದು ಹಲವಾಗಿದೆ, ಬೇರೆಬೇರೆ ಎಂದುಕೊಂಡವು ಒಂದಾಗಿವೆ. ಮೊದಲ ಅಳತೆಗೋಲು ಆಕಾರ. 1872ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಗುಂಡು, ಕಡ್ಡಿ, ಸುರುಳಿ ಎಂದು ಬ್ಯಾಕ್ಟೀರಿಯಾಗಳನ್ನು ವಿಂಗಡಿಸಿದರು. 1880ರ ದಶಕದಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಗಟ್ಟಿ ಮಾಧ್ಯಮದ ಮೇಲೆ ಒಂದೊಂದು ಜೀವಾಣುವನ್ನೂ ಬೇರ್ಪಡಿಸಿ ಬೆಳೆಸುವ ವಿಧಾನವನ್ನು ರೂಪಿಸಿತು. ಬೇಸಿಗೆಯ ಸೆಕೆಗೆ ಕರಗಿಬಿಡುತ್ತಿದ್ದ ಜೆಲಾಟಿನ್ ಬದಲು ಅಡುಗೆಯ ಅಗರ್ ಬಳಸಬಹುದೆಂದು ಹೇಳಿದವರು ಫ್ಯಾನಿ ಹೆಸ್ಸೆ. ಅಡುಗೆಮನೆಯ ಆ ಸಲಹೆಯಿಲ್ಲದೆ ಸೂಕ್ಷ್ಮಜೀವಿ ವಿಜ್ಞಾನ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ. 1884ರಲ್ಲಿ ಕಾಖ್ ಕಲ್ಕತ್ತದ ಕೆರೆಯೊಂದರ ನೀರಿನಲ್ಲೇ ಕಾಲರಾ ಜೀವಾಣುವನ್ನು ಕಂಡರು. ಅದೇ ವರ್ಷ ಗ್ರಾಮ್ ಬಣ್ಣದ ಪರೀಕ್ಷೆ ಬಂತು. ಯಾವ ಸಕ್ಕರೆಯನ್ನು ಹುದುಗಿಸುತ್ತದೆ, ಯಾವ ಅನಿಲ ಬಿಡುತ್ತದೆ ಎಂಬ ಪರೀಕ್ಷೆಗಳೂ ಸೇರಿ, 1923ರಲ್ಲಿ ಬ್ಯಾಕ್ಟೀರಿಯಾ ಗುರುತಿಸಲು ನೆರವಾಗುವ ಬರ್ಗಿ ಕೈಪಿಡಿಯ ಮೊದಲ ಆವೃತ್ತಿ ಹೊರಬಂತು.

ಕರ್ನಾಟಕದಲ್ಲಿ ಈ ವಿಷಯ ಬೆಳೆದದ್ದು ಚರಂಡಿ ನೀರಿನ ಸುತ್ತ. ಕೊಳಚೆಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದಲೇ ಅದನ್ನು ತಿಳಿಗೊಳಿಸುವ ‘ಚುರುಕುಗೊಳಿಸಿದ ಕೆಸರು’ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡಿತು. ಅದರ ಹಿಂದಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1940ರ ದಶಕದಲ್ಲಿ ಅದೇ ಸಂಸ್ಥೆಯ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ಕೊಳಚೆ ತಿಳಿಯಾಗುವುದರಲ್ಲಿ ಬ್ಯಾಕ್ಟೀರಿಯಾ ತಿನ್ನುವ ಪ್ರೊಟೊಜೋವಾಗಳ ಪಾತ್ರವೂ ದೊಡ್ಡದೆಂದು ವಾದಿಸಿದರು. ಇಂದು ಬೆಂಗಳೂರಿನ ಕೊಳಚೆ ಎರಡನೇ ಹಂತದವರೆಗೆ ಸಂಸ್ಕರಣಗೊಂಡು, ದಿನಕ್ಕೆ 21 ಕೋಟಿ ಲೀಟರ್ ಗುರಿಯ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಹಾಗಾಗಿ ಮಳೆನೀರಿನದೊಂದೇ ಆಗಿದ್ದ ಜೀವಾಣು ಸಮುದಾಯಕ್ಕೆ ಆ ಕೆರೆಗಳಲ್ಲಿ ನಗರದ ಸಮುದಾಯವೂ ಬಂದು ಸೇರಿದೆ.

ಈ ನಡುವೆ, 1970ರ ದಶಕದ ಹೊತ್ತಿಗೆ ಬ್ಯಾಕ್ಟೀರಿಯಾ ಹೆಸರುಗಳ ಗೊಂದಲ ಮಿತಿಮೀರಿತ್ತು. 1980ರ ಜನವರಿ 1ರಂದು ಹಳೆಯದೆಲ್ಲ ರದ್ದಾಗಿ, ಹತ್ತಾರು ಸಾವಿರ ಹೆಸರುಗಳಲ್ಲಿ ಸುಮಾರು 2,500 ಮಾತ್ರ ಅಧಿಕೃತ ಪಟ್ಟಿಯಲ್ಲಿ ಉಳಿದವು. ಬೇರೆ ಯಾವ ಜೀವವಿಜ್ಞಾನವೂ ಇಷ್ಟು ನಿರ್ದಾಕ್ಷಿಣ್ಯವಾಗಿ ಮನೆ ಗುಡಿಸಿದ್ದಿಲ್ಲ. ಅಷ್ಟರಲ್ಲಿ ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ, ರೈಬೋಸೋಮಿನ 16ಎಸ್ ಆರ್‌ಎನ್‌ಎಯ ಅಕ್ಷರಸಾಲನ್ನು ಹೋಲಿಸಿ ಬ್ಯಾಕ್ಟೀರಿಯಾಗಳ ವಂಶವೃಕ್ಷ ಬರೆಯಬಹುದೆಂದು ತೋರಿಸಿದ್ದರು. 1987ರಲ್ಲಿ, ಎರಡು ತಳಿಗಳ ಡಿಎನ್‌ಎ ಶೇ 70ರಷ್ಟು ಪರಸ್ಪರ ಬೆಸೆದುಕೊಂಡರೆ ಅವು ಒಂದೇ ಪ್ರಭೇದ ಎಂಬ ನಿಯಮ ಬಂತು.

ಅಗರ್ ತಟ್ಟೆಯ ಮೇಲೆ ಬೆಳೆದದ್ದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕೊಳಚೆ ಕೆಸರೇ ಸಾಕ್ಷಿ. ಕೆಸರಿನಲ್ಲಿ ರಂಜಕವನ್ನು ಹೀರಿಕೊಳ್ಳುವುದು ಅಸಿನೆಟೊಬ್ಯಾಕ್ಟರ್ ಎಂದು 1975ರಿಂದ ನಂಬಲಾಗಿತ್ತು, ಏಕೆಂದರೆ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುತ್ತಿದ್ದುದು ಅದೇ. 1990ರ ದಶಕದಲ್ಲಿ, ಜೀವಕೋಶದೊಳಗಿನ ಆರ್‌ಎನ್‌ಎಗೆ ಅಂಟಿ ಹೊಳೆಯುವ ಡಿಎನ್‌ಎ ತುಣುಕುಗಳಿಂದ ಕೆಸರನ್ನು ನೇರವಾಗಿ ನೋಡಿದಾಗ ಅಸಿನೆಟೊಬ್ಯಾಕ್ಟರ್ ಬೆರಳೆಣಿಕೆಯಷ್ಟಿತ್ತು. ನಿಜವಾದ ಕೆಲಸಗಾರನನ್ನು 1999ರಲ್ಲಿ ‘ಕ್ಯಾಂಡಿಡೇಟಸ್ ಅಕ್ಯುಮುಲಿಬ್ಯಾಕ್ಟರ್’ ಎಂದು ಕರೆದರು. ಕ್ಯಾಂಡಿಡೇಟಸ್ ಎಂದರೆ ಹೆಸರಿಗಾಗಿ ಕಾದಿರುವ ಉಮೇದುವಾರ: ಶುದ್ಧ ರೂಪದಲ್ಲಿ ಬೆಳೆಸಲಾಗದ ಬ್ಯಾಕ್ಟೀರಿಯಾಕ್ಕೆ ಕೊಡುವ ತಾತ್ಕಾಲಿಕ ಸ್ಥಾನ. ಕೆರೆಗಳಿಗೆ ಹರಿಸುವ ಬೆಂಗಳೂರಿನ ನೀರಿಗೆ ಮೂರನೇ ಹಂತದ ಸಂಸ್ಕರಣೆಯೂ ಬೇಕೆಂದು ಚಿಕ್ಕಬಳ್ಳಾಪುರ, ಕೋಲಾರದ ನೀರಾವರಿ ಹೋರಾಟಗಾರರು ಕೇಳುತ್ತ ಬಂದಿದ್ದಾರೆ. ಆ ಹಂತದಲ್ಲಿ ತೆಗೆಯಬೇಕಾದವುಗಳಲ್ಲಿ ರಂಜಕವೂ ಒಂದು. ಅದನ್ನು ಜೈವಿಕವಾಗಿ ತೆಗೆಯುವ ಘಟಕಗಳು ಮುಖ್ಯವಾಗಿ ನೆಚ್ಚಿರುವುದು ಇಂಥ ಬ್ಯಾಕ್ಟೀರಿಯಾವನ್ನು.

16ಎಸ್ ಕೂಡ ಎಲ್ಲ ಕಡೆ ನಡೆಯುವ ನಾಣ್ಯವಲ್ಲ. ಕೆರೆನೀರಿನಲ್ಲೂ ಮೀನಿನಲ್ಲೂ ಸಾಮಾನ್ಯವಾದ ಏರೊಮೊನಾಸ್ ಕುಲದಲ್ಲಿ ಕೆಲವು ಪ್ರಭೇದಗಳ 16ಎಸ್ ಸುಮಾರು 1,500 ಅಕ್ಷರಗಳಲ್ಲಿ ಒಂದೆರಡರಷ್ಟೇ ಬೇರೆ. ಅಲ್ಲಿ ಗೈರೇಸ್ ಮುಂತಾದ ಇತರ ವಂಶವಾಹಿಗಳನ್ನೂ ಹೋಲಿಸಬೇಕಾಗುತ್ತದೆ. ಪುಣೆಯಲ್ಲಿ ಕ್ಯೂಲೆಕ್ಸ್ ಸೊಳ್ಳೆಯ ಕರುಳಿನಿಂದ ತೆಗೆದು 2002ರಲ್ಲಿ ಹೆಸರಿಸಿದ ಏರೊಮೊನಾಸ್ ಕುಲಿಸಿಕೋಲ, 2005ರಲ್ಲಿ ಹಳೆಯ ಏರೊಮೊನಾಸ್ ವೆರೋನಿಯೇ ಎಂದು ತಿಳಿಯಿತು. ಬಿಸಿನೀರಿನ ಬುಗ್ಗೆಯಿಂದ ಬಂದು 2006ರಲ್ಲಿ ಪ್ರಕಟವಾದ ಏರೊಮೊನಾಸ್ ಶರ್ಮಾನ ಮರುವರ್ಷವೇ ಕುಲದ ಪ್ರಶ್ನೆಗೆ ಸಿಲುಕಿತು: ಅದು ಏರೊಮೊನಾಸ್ ಅಲ್ಲವೇ ಅಲ್ಲ ಎಂದು ಬೇರೆ ಸಂಶೋಧಕರು ತೋರಿಸಿದರು. ಇದನ್ನು ಸೋಲೆನ್ನಲಾಗದು, ಪ್ರಕಟವಾದ ತಳಿ ಸಂಗ್ರಹದಲ್ಲಿ ಜೀವಂತವಾಗಿದ್ದರಿಂದಲೇ ಮರುಪರೀಕ್ಷೆ ಸಾಧ್ಯವಾಯಿತು. ಈಗ ಇಡೀ ಜೀನೋಮುಗಳನ್ನು ಹೋಲಿಸಿ, ಸರಾಸರಿ ಹೋಲಿಕೆ ಶೇ 95–96ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ರಭೇದ ಎನ್ನುತ್ತಾರೆ.

ಕೆರೆ ಬಿಟ್ಟು ಅಂತರ್ಜಲಕ್ಕೆ ಬಂದರೆ, ಚಿಕ್ಕಬಳ್ಳಾಪುರ ಜಿಲ್ಲೆಯದೇ ಆದ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಕಡೆ ನೀರು ಬರುವುದು ಹೆಚ್ಚಾಗಿ ಕಲ್ಲುಬಂಡೆಯ ಬಿರುಕುಗಳಲ್ಲಿ ಇಳಿಸಿದ ಆಳದ ಕೊಳವೆಬಾವಿಗಳಿಂದ. ಅಂಥ ನೀರಿನಲ್ಲಿ ಪೋಷಕಾಂಶ ತೀರಾ ಕಡಿಮೆ; ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಆಸ್ಪತ್ರೆಯ ಸಾರವತ್ತಾದ ಮಾಧ್ಯಮ ಕೊಡುವುದು ಗಂಜಿಯಲ್ಲೇ ಬದುಕಿದವನಿಗೆ ಮದುವೆ ಊಟ ಬಡಿಸಿದಂತೆ. ಅದಕ್ಕಾಗಿಯೇ 1985ರಲ್ಲಿ ಆರ್2ಎ ಎಂಬ ಬಡ ಮಾಧ್ಯಮ ಬಂತು. ಅದರ ಮೇಲೆ ಕಡಿಮೆ ಬಿಸಿಯಲ್ಲಿ ಹಲವು ದಿನ ಕಾಯುತ್ತಾರೆ. ಅಂತರ್ಜಲ ಹೊಸ ಪ್ರಭೇದ ಕೊಟ್ಟ ಭಾರತದ ಉದಾಹರಣೆ ಬ್ಯಾಸಿಲಸ್ ಇಂಡಿಕಸ್. ಪಶ್ಚಿಮ ಬಂಗಾಳದ ಆರ್ಸೆನಿಕ್ ಬೆರೆತ ಅಂತರ್ಜಲ ಪದರದಿಂದ ಬಂದ, ಆರ್ಸೆನಿಕ್ ತಾಳಿಕೊಳ್ಳುವ ಇದನ್ನು 2004ರಲ್ಲಿ ವಿವರಿಸಲಾಯಿತು. 2020ರಲ್ಲಿ ಇದು ಮೆಟಾಬ್ಯಾಸಿಲಸ್ ಕುಲಕ್ಕೆ ಹೋಯಿತು. ಅಮೆರಿಕದ ಕೊಲರಾಡೊದ ಅಂತರ್ಜಲ ಇನ್ನೂ ದೊಡ್ಡ ಅಚ್ಚರಿ ಕೊಟ್ಟಿತು. ಬ್ಯಾಕ್ಟೀರಿಯಾ ಹಿಡಿಯುವ 0.2 ಮೈಕ್ರಾನ್ ಸೋಸುಹಾಳೆಯನ್ನೇ ದಾಟಿಹೋಗುವಷ್ಟು ಸಣ್ಣ ಜೀವಿಗಳ ಜೀನೋಮುಗಳನ್ನು ಜಿಲ್ ಬ್ಯಾನ್‌ಫೀಲ್ಡ್ ತಂಡ 2015ರಲ್ಲಿ ಪ್ರಕಟಿಸಿತು. ಬ್ಯಾಕ್ಟೀರಿಯಾ ವಂಶದ ಶೇ 15ಕ್ಕೂ ಹೆಚ್ಚು ಭಾಗ ಅವುಗಳದೇ ಎಂದು ಅದು ಅಂದಾಜಿಸಿತು.

ಬೆಳೆಸದೆ ಜೀನೋಮಿನಿಂದಷ್ಟೇ ತಿಳಿದ ಇಂಥ ಜೀವಿಗಳಿಗೆ ಹೆಸರಿಡುವುದು ವಿಜ್ಞಾನಕ್ಕಿಂತ ಕಾನೂನಿನ ತೊಡಕು. ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೊಸ ಪ್ರಭೇದದ ಮಾದರಿ ತಳಿಯನ್ನು ಎರಡು ದೇಶಗಳ ಸಂಗ್ರಹಗಳಲ್ಲಿ ಜೀವಂತವಾಗಿಟ್ಟು, ಕೇಳಿದವರಿಗೆ ಕೊಡುವಂತಿರಬೇಕು. ಭಾರತದಲ್ಲಿ 1986ರಲ್ಲಿ ಚಂಡೀಗಢದಲ್ಲಿ ಆರಂಭವಾದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹ ಮತ್ತು ಪುಣೆಯ ರಾಷ್ಟ್ರೀಯ ಸಂಗ್ರಹ ಇದಕ್ಕೆ ಒದಗುತ್ತವೆ. ಆದರೆ 2002ರ ಜೀವವೈವಿಧ್ಯ ಕಾಯ್ದೆ ಜೈವಿಕ ಸಂಪನ್ಮೂಲ ಹೊರದೇಶಕ್ಕೆ ಹೋಗುವುದನ್ನು ನಿಬಂಧನೆಗಳಿಗೆ ಒಳಪಡಿಸಿರುವುದರಿಂದ, ಎರಡು ನಿಯಮಗಳ ನಡುವೆ ಭಾರತೀಯ ಸಂಶೋಧಕರು ಸಿಕ್ಕಿಕೊಂಡಿದ್ದಾರೆ. ಅಧಿಕೃತವಾಗಿ ಹೆಸರಾದ ಪ್ರಭೇದಗಳು 20 ಸಾವಿರ ದಾಟಿವೆ. ಬೆಳೆಸಲಾಗದವು ಇವುಗಳಲ್ಲಿ ಬಹುತೇಕ ಇಲ್ಲ. ಜೀನೋಮ್ ಅಕ್ಷರಸಾಲನ್ನೇ ಮಾದರಿ ಎಂದು ಒಪ್ಪುವ ಸೀಕ್‌ಕೋಡ್ ಎಂಬ ಪ್ರತ್ಯೇಕ ಸಂಹಿತೆ 2022ರಲ್ಲಿ ಬಂತು. ಹಳೆಯ ಸಂಹಿತೆಯ ಸಮಿತಿ ಅಂಥ ಪ್ರಸ್ತಾಪವನ್ನು ಅದಕ್ಕೂ ಮೊದಲೇ ತಿರಸ್ಕರಿಸಿದ್ದರಿಂದ, ಈಗ ಎರಡು ಹೆಸರುಪಟ್ಟಿಗಳು ಜೊತೆಜೊತೆಗೇ ನಡೆಯುತ್ತಿವೆ.