ಬೆಳಕಿಗಿಂತ ಮುಂಚೆ ಬಂದವರು... ಮತ್ತೊಂದು ಸಡಿಲ ಕೇಬಲ್ಲು

ಐನ್‌ಸ್ಟೈನ್ ತಪ್ಪಂತೆ! 2011ರ ಸೆಪ್ಟೆಂಬರಿನಲ್ಲಿ ಪೇಪರು, ಟೀವಿ ಎಲ್ಲೆಲ್ಲೂ ಇದೇ ಸುದ್ದಿ. ನೆನಪಿದೆಯಾ? ಆಮೇಲೆ ಏನಾಯ್ತು ಅಂತ ಕೇಳಿದರೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಥೆ ಹೇಳ್ತೀನಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇಷ್ಟು: ತೂಕ ಇರುವ ಕಣವನ್ನು ಬೆಳಕಿನ ವೇಗಕ್ಕೆ ತಳ್ಳಲು ಅನಂತ ಶಕ್ತಿ ಬೇಕು. ಅಂದರೆ ಆಗದ ಮಾತು. ಆದರೆ 1962ರಲ್ಲಿ ಕೇರಳ ಮೂಲದ ಇ.ಸಿ.ಜಿ. ಸುದರ್ಶನ್ ಮತ್ತು ಸಂಗಡಿಗರು ಒಂದು ತುಂಟ ಪ್ರಶ್ನೆ ಎತ್ತಿದರು. ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣ ಇದ್ದರೆ? ಅದು ಗಡಿ ದಾಟಬೇಕಾಗಿಯೇ ಇಲ್ಲವಲ್ಲ! ಅಂಥ ಕಣ ಶಕ್ತಿ ಕಳೆದುಕೊಂಡಷ್ಟೂ ಜೋರಾಗಿ ಓಡುತ್ತದೆ. 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಅದಕ್ಕೆ ‘ಟ್ಯಾಕಿಯಾನ್’ ಅಂತ ಹೆಸರಿಟ್ಟರು. ನಾಮಕರಣ ಆಯ್ತು, ಮಗು ಮಾತ್ರ ಇವತ್ತಿಗೂ ಸಿಕ್ಕಿಲ್ಲ!

ಈಗ 2011ಕ್ಕೆ ಬನ್ನಿ. ಜಿನೀವಾದ ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು ನೆಲದೊಳಗೇ ಸುಮಾರು 730 ಕಿ.ಮೀ. ಸಾಗಿ ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದಡಿಯ ಪ್ರಯೋಗಾಲಯ ಸೇರುತ್ತಿದ್ದವು. ಬೆಳಕಿಗೆ ಈ ದಾರಿ ಸುಮಾರು 2.4 ಮಿಲಿಸೆಕೆಂಡು. ಒಪೆರಾ ತಂಡದ ಲೆಕ್ಕದಲ್ಲಿ ನ್ಯೂಟ್ರಿನೋಗಳು ಅದಕ್ಕಿಂತ 60 ನ್ಯಾನೋಸೆಕೆಂಡು ಮುಂಚೆ ಬರುತ್ತಿದ್ದವು! ತಿಂಗಳುಗಟ್ಟಲೆ ತಪ್ಪು ಹುಡುಕಿದರು, ಸಿಗಲಿಲ್ಲ. ಕೊನೆಗೆ ಸೆಪ್ಟೆಂಬರ್ 23ರಂದು ಎಲ್ಲವನ್ನೂ ಜಗತ್ತಿನ ಮುಂದಿಟ್ಟು, ನೀವೂ ಪರೀಕ್ಷಿಸಿ ಅಂದರು. ಐನ್‌ಸ್ಟೈನ್ ತಪ್ಪು ಅಂತ ಅವರು ಹೇಳಿರಲಿಲ್ಲ. ಹೇಳಿದ್ದು ನಮ್ಮ ಹೆಡ್‌ಲೈನುಗಳು.

ಅನುಮಾನಕ್ಕೆ ಕಾರಣ ಇತ್ತು. 1987ರಲ್ಲಿ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸಿಡಿದದ್ದು ಕಾಣಿಸಿತ್ತು. ಅದರ ನ್ಯೂಟ್ರಿನೋಗಳು ಬೆಳಕಿಗಿಂತ ಬರೀ ಮೂರು ಗಂಟೆ ಮೊದಲು ಬಂದವು. ಅದೂ ವೇಗದಿಂದಲ್ಲ, ನಕ್ಷತ್ರದೊಳಗಿಂದ ಬೇಗ ಹೊರಬಿದ್ದದ್ದರಿಂದ. ಒಪೆರಾ ಲೆಕ್ಕದ ವೇಗ ಇದ್ದಿದ್ದರೆ ನಾಲ್ಕು ವರ್ಷ ಮೊದಲೇ ಬರಬೇಕಿತ್ತು! (ಅವುಗಳ ಶಕ್ತಿ ಬೇರೆ ಇತ್ತು, ಹಾಗಾಗಿ ಇದೊಂದೇ ಸಾಕ್ಷಿ ಸಾಲದು.)

ನವೆಂಬರಿನಲ್ಲಿ ಮತ್ತೆ ಅಳೆದರು. ಅದೇ ಉತ್ತರ. 2012ರ ಫೆಬ್ರವರಿಯಲ್ಲಿ ಗುಟ್ಟು ರಟ್ಟಾಯಿತು. ಜಿಪಿಎಸ್ ಸಮಯವನ್ನು ತರುವ ಫೈಬರ್ ಕೇಬಲ್ಲಿನ ಕನೆಕ್ಟರು ಪೂರ್ತಿ ಬಿಗಿಯಾಗಿರಲಿಲ್ಲ! ಎಷ್ಟು ಸಲ ಅಳೆದರೇನು, ತಪ್ಪು ಗಡಿಯಾರ ಪ್ರತಿ ಸಲವೂ ಅದೇ ತಪ್ಪು ಹೇಳುತ್ತದೆ. ಮಾರ್ಚಿನಲ್ಲಿ ಅದೇ ಬೆಟ್ಟದಡಿಯ ಇಕಾರಸ್ ತಂಡ ಬೇರೆ ಉಪಕರಣದಲ್ಲಿ ಅಳೆದು, ವೇಗ ಬೆಳಕಿನಷ್ಟೇ ಅಂದಿತು. ಜೂನಿನಲ್ಲಿ ಕ್ಯೋಟೋ ಸಮ್ಮೇಳನದಲ್ಲಿ ವಿಷಯ ಮುಗಿಯಿತು.

ಅಷ್ಟರಲ್ಲಿ, ಮಾರ್ಚ್ ಕೊನೆಗೇ, ಒಪೆರಾ ವಕ್ತಾರ ಆಂಟೋನಿಯೋ ಎರೆಡಿಟಾಟೋ ಮತ್ತು ಸಂಯೋಜಕ ಡಾರಿಯೋ ಔಟಿಯೆರೋ ರಾಜೀನಾಮೆ ಕೊಟ್ಟಿದ್ದರು.

ನನಗೆ ಕಾಡುವುದು ಇದೇ. ಕೇಬಲ್ಲು ಮೊದಲೇ ನೋಡಬೇಕಿತ್ತು, ಸರಿ. ಆದರೆ ತಮಗೇ ನಂಬಲಾಗದ ಉತ್ತರವನ್ನು ಮುಚ್ಚಿಡದೆ, "ತಪ್ಪಿದ್ದರೆ ತೋರಿಸಿ" ಅನ್ನಲು ಎದೆಗಾರಿಕೆ ಬೇಕು. ಹಾಗೆ ಕೇಳಿದವರಿಗೇ ಬೆಲೆ ತೆರುವ ಪಾಡು ಬಂದರೆ ಮುಂದಿನವರು ಬಾಯಿ ಬಿಟ್ಟಾರೆಯೇ?

ನೀವೇನಂತೀರಿ?