ಸಮುದ್ರವಿಲ್ಲದ ಊರಿಗೂ ಹವಾಮಾನ ನಿಧಿ: ಉಮರ್ಗಾ, ನಿಲಂಗಾ, ಉದಗೀರ್ ರೈತರಿಗೆ ಏನಿದೆ?

ಹವಾಮಾನ ಬದಲಾವಣೆಗೆ ಬರುವ ದುಡ್ಡು ಅಂದ ಕೂಡಲೇ ಕರಾವಳಿಯವರಿಗೆ ನೆನಪಾಗುವುದು ಉಳ್ಳಾಲದ ಕಡಲ್ಕೊರೆತ. ಆದರೆ ಕಡಲೇ ಇಲ್ಲದ ಮರಾಠವಾಡದ ಗಡಿ ತಾಲೂಕುಗಳಿಗೂ ಇಂಥ ನಿಧಿ ಬರುತ್ತಿದೆ. ಉಮರ್ಗಾ ಧಾರಾಶಿವ್ ಜಿಲ್ಲೆಯಲ್ಲಿದೆ. ನಿಲಂಗಾ, ಉದಗೀರ್ ಲಾತೂರ್ ಜಿಲ್ಲೆಯಲ್ಲಿವೆ. ಬೀದರ್, ಕಲಬುರಗಿ ಕಡೆಯ ಈ ಭಾಗದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕೇಳಿಬರುತ್ತವೆ.

ಯಾಕೆ ಬೇಕಾಯಿತು?

ಇಲ್ಲಿನ ಸೋಯಾಬೀನ್, ತೊಗರಿ ಬೆಳೆ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ತತ್ವಾರ. 2016ರ ಏಪ್ರಿಲ್‌ನಲ್ಲಿ ಲಾತೂರ್ ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು.

ಯಾವ ಯೋಜನೆ?

'ನಾನಾಜಿ ದೇಶ್‌ಮುಖ್ ಕೃಷಿ ಸಂಜೀವನಿ ಯೋಜನೆ', ಜನರ ಬಾಯಲ್ಲಿ 'ಪೋಕ್ರಾ'. ಇದಕ್ಕೆ ವಿಶ್ವಬ್ಯಾಂಕ್ 2018ರಲ್ಲಿ 42 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಸುಮಾರು 4,000 ಕೋಟಿ ರೂಪಾಯಿಯ ಈ ಯೋಜನೆಯಲ್ಲಿ ವಿಶ್ವಬ್ಯಾಂಕಿನ ಪಾಲು ಶೇ. 70, ಮಹಾರಾಷ್ಟ್ರ ಸರಕಾರದ್ದು ಶೇ. 30. ಮೊದಲ ಹಂತದ 15 ಜಿಲ್ಲೆಗಳಲ್ಲಿ ಮರಾಠವಾಡದ ಎಂಟೂ ಜಿಲ್ಲೆ ಸೇರಿದ್ದವು. ಎರಡನೇ ಹಂತವನ್ನು 21 ಜಿಲ್ಲೆಗಳಿಗೆ ವಿಸ್ತರಿಸಲಾಗಿದೆ. ಆದರೆ ಜಿಲ್ಲೆ ಪಟ್ಟಿಯಲ್ಲಿದ್ದರೆ ಸಾಲದು, ಆಯ್ಕೆಯಾದ ಗ್ರಾಮಗಳಿಗೆ ಮಾತ್ರ ಇದು ಅನ್ವಯ.

ರೈತರಿಗೆ ಸಿಗುವುದೇನು?

ಹನಿ ನೀರಾವರಿ, ತುಂತುರು ನೀರಾವರಿ, ಕೃಷಿ ಹೊಂಡ, ಹಣ್ಣಿನ ತೋಟ, ರೇಷ್ಮೆ, ನೆರಳು ಪರದೆ ಮನೆ ಮುಂತಾದವಕ್ಕೆ ಸಹಾಯಧನವಿದೆ. ಭೂಮಿ ಇಲ್ಲದ ಕುಟುಂಬಗಳಿಗೆ ಆಡು ಸಾಕಣೆ, ಹಿತ್ತಲ ಕೋಳಿ ಸಾಕಣೆಯ ದಾರಿಯನ್ನೂ ಇಡಲಾಗಿತ್ತು. ರೈತ ಉತ್ಪಾದಕ ಕಂಪೆನಿಗಳಿಗೆ ಗೋದಾಮು, ಯಂತ್ರಗಳಿಗೆ ನೆರವಿದೆ.

ತೊಡಕು ಎಲ್ಲಿ?

ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ. ಆನ್‌ಲೈನ್ ಅರ್ಜಿ, ಗ್ರಾಮ ಸಮಿತಿಯ ಒಪ್ಪಿಗೆ, ಪೂರ್ವಾನುಮತಿ ಆದ ಮೇಲೆ ರೈತನೇ ಖರ್ಚು ಮಾಡಬೇಕು. ಸ್ಥಳ ಪರಿಶೀಲನೆಯ ನಂತರ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಕೈಯಲ್ಲಿ ಕಾಸಿಲ್ಲದ ಸಣ್ಣ ರೈತ ಇಲ್ಲೇ ಹಿಂದೆ ಬೀಳುತ್ತಾನೆ. ಇನ್ನೊಂದು ತೊಡಕು 'ಸಾತ್‌ಬಾರಾ', ಅಂದರೆ ಕರ್ನಾಟಕದ ಪಹಣಿಯಂಥ ದಾಖಲೆ. ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ, ಉಳುವವನಿಗೆ ಅರ್ಜಿ ಹಾಕುವುದೇ ಕಷ್ಟ.

ಕರಾವಳಿಯಲ್ಲಿ ಹೇಗೆ?

ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಸಮುದ್ರದೊಳಗೆ ರೀಫ್, ಬ್ರೇಕ್‌ವಾಟರ್ ನಿರ್ಮಿಸಲಾಯಿತು. ಕಾಂಡ್ಲಾ ಕಾಡು ಬೆಳೆಸಲು ಕೇಂದ್ರ ಸರಕಾರ 2023ರಲ್ಲಿ 'ಮಿಷ್ಟಿ' ಯೋಜನೆ ತಂದಿದ್ದು, ಉದ್ಯೋಗ ಖಾತರಿ ಮತ್ತು ಕ್ಯಾಂಪಾ ನಿಧಿಯನ್ನು ಜೋಡಿಸಲು ಅದರಲ್ಲಿ ಅವಕಾಶವಿದೆ. ತಡೆಗೋಡೆಯ ಹಣ ಇಲಾಖೆ, ಗುತ್ತಿಗೆದಾರರ ಮೂಲಕ ಹೋಗುತ್ತದೆ. ಪೋಕ್ರಾದ ಸಹಾಯಧನ ನೇರ ರೈತನ ಖಾತೆಗೆ.

ಹೆಸರು ಸಹಾಯಧನ ಆದರೂ ಮೂಲದಲ್ಲಿ ಇದು ಸಾಲ; ತೀರಿಸುವುದು ಜನರ ತೆರಿಗೆಯಿಂದಲೇ. ಹಾಗಾಗಿ ಗ್ರಾಮಸಭೆಗೆ ಹೋಗಿ ಊರು ಪಟ್ಟಿಯಲ್ಲಿದೆಯಾ, ಯಾರಿಗೆ ಎಷ್ಟು ಸಿಕ್ಕಿತು ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು. ಅರ್ಜಿ ತುಂಬಲು ಬಾರದ ಹಿರಿಯರ ಜೊತೆ ಓದಿದ ಯುವಕರು ಅರ್ಧ ದಿನ ಕೂತರೆ ಒಂದು ಕುಟುಂಬದ ಬಾವಿಗೆ ನೀರು ಬಂದೀತು.